ಘಾಟಿ ಇಳಿಯುವ ಮುನ್ನ: ತವಕ್ಕುಲ್ ಎಂದರೇನು?

ತಕ್ದೀರ್‌ನಲ್ಲಿ ಬರೆದದ್ದು ತಪ್ಪುವುದಿಲ್ಲ. ಇದು ನಮ್ಮ ಈಮಾನಿನ ಒಂದು ಅಂಗ. ಮರಣದ ಗಳಿಗೆ ಬಂತೆಂದರೆ ಅದು ಒಂದು ಕ್ಷಣ ಹಿಂದಾಗದು, ಒಂದು ಕ್ಷಣ ಮುಂದಾಗದು ಎಂದು ಪವಿತ್ರ ಕುರ್‌ಆನ್ ಹಲವೆಡೆ ನೆನಪಿಸುತ್ತದೆ. ಇದರಲ್ಲಿ ಯಾವ ಸತ್ಯವಿಶ್ವಾಸಿಗೂ ಸಂದೇಹವಿಲ್ಲ. ಆದರೆ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ದುರುಪಯೋಗವಾಗುವ ಮಾತೂ ಇದೇ. ಅಂಗಡಿಯಲ್ಲಿ ನಷ್ಟವಾದರೆ ತಕ್ದೀರ್, ಪರೀಕ್ಷೆಯಲ್ಲಿ ಫೇಲಾದರೆ ತಕ್ದೀರ್, ರಸ್ತೆಯಲ್ಲಿ ಬಿದ್ದರೆ ತಕ್ದೀರ್. ಲಾಭವಾದಾಗ ಮಾತ್ರ ಅದು ನಮ್ಮ ಜಾಣತನ!

ಈ ಮಾತನ್ನು ಒಂದು ಸಂದರ್ಭದಲ್ಲಿಟ್ಟು ಪರೀಕ್ಷಿಸೋಣ. ಹಳೇಬೀಡಿಗೆ ತಾಗಿಕೊಂಡಿರುವ ಊರು ಬಸ್ತಿಹಳ್ಳಿ. ಅಲ್ಲಿನ ನಾಲ್ವರು ಯುವಕರು ಎರಡು ಬೈಕುಗಳಲ್ಲಿ ಮಲೆನಾಡು ಸುತ್ತಿ ಬರಲು ಬಯಸುತ್ತಾರೆ ಎಂದಿಟ್ಟುಕೊಳ್ಳಿ. ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರ. ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಬೆಳ್ತಂಗಡಿ, ಮಂಗಳೂರು. ಮರುದಿನ ಉಡುಪಿ, ಹೆಬ್ರಿ, ಸೋಮೇಶ್ವರ. ಅಲ್ಲಿಂದ ಆಗುಂಬೆ ಘಾಟಿ ಹತ್ತಿ ಶೃಂಗೇರಿ. ಮೂರನೆಯ ದಿನ ಬಾಳೆಹೊನ್ನೂರು, ಚಿಕ್ಕಮಗಳೂರು, ಬೇಲೂರು, ಮರಳಿ ಮನೆ. ಒಟ್ಟು ಸುಮಾರು ನಾನೂರು ಕಿಲೋಮೀಟರುಗಳ ಸುತ್ತು.

ಮನೆಯಲ್ಲಿ ವಿಷಯ ತಿಳಿದೊಡನೆ ತಾಯಿ ಹೇಳುತ್ತಾರೆ: "ಬೇಡ ಬೇಟಾ, ಆ ಘಾಟಿ ರಸ್ತೆ ಸರಿಯಿಲ್ಲ."

ಮಗನ ಉತ್ತರ ಸಿದ್ಧವಾಗಿದೆ: "ಅಮ್ಮೀ, ಸಾವು ಬರೆದಿದ್ದರೆ ಮನೆಯೊಳಗಿದ್ದರೂ ಬರುತ್ತದೆ. ಅಲ್ಲಾಹನ ಮೇಲೆ ಭರವಸೆ ಇಡಿ."

ಮೇಲ್ನೋಟಕ್ಕೆ ಮಗನ ಮಾತಿನಲ್ಲಿ ಈಮಾನ್ ಇದೆ, ತಾಯಿಯ ಮಾತಿನಲ್ಲಿ ಭಯವಿದೆ. ಆದ್ದರಿಂದಲೇ ತಾಯಿ ಸುಮ್ಮನಾಗುತ್ತಾರೆ. ಆದರೆ ಮಗ ಹೇಳಿದ್ದು ನಿಜವಾಗಿಯೂ ತವಕ್ಕುಲ್ ಆಗಿತ್ತೇ? ಅಥವಾ ಚರ್ಚೆಯನ್ನು ಮುಗಿಸಲು ಅಲ್ಲಾಹನ ಹೆಸರನ್ನು ಬಳಸಿಕೊಂಡದ್ದೇ? ಈ ಪ್ರಶ್ನೆಯನ್ನು ನಾವು ಪ್ರಾಮಾಣಿಕವಾಗಿ ಎದುರಿಸಬೇಕಾಗಿದೆ.

ನೋಡುವುದಕ್ಕಾಗಿ ಹೊರಡುವುದು ತಪ್ಪೇ?

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳೋಣ. ಬೆಟ್ಟ, ಕಾಡು, ಜಲಪಾತಗಳನ್ನು ನೋಡಲು ಹೋಗುವುದು ಕೇವಲ ಮೋಜು, ಧರ್ಮನಿಷ್ಠ ಯುವಕನಿಗೆ ಅದು ಶೋಭಿಸದು ಎಂದು ಭಾವಿಸುವವರಿದ್ದಾರೆ. ಇದು ಸರಿಯಲ್ಲ. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಕುರ್‌ಆನ್ ಮತ್ತೆ ಮತ್ತೆ ಕರೆಯುತ್ತದೆ. ಒಂಟೆಯನ್ನು ಹೇಗೆ ಸೃಷ್ಟಿಸಲಾಗಿದೆ, ಆಕಾಶವನ್ನು ಹೇಗೆ ಎತ್ತರಿಸಲಾಗಿದೆ, ಬೆಟ್ಟಗಳನ್ನು ಹೇಗೆ ನಾಟಲಾಗಿದೆ ಎಂಬುದನ್ನು ಇವರು ನೋಡುವುದಿಲ್ಲವೇ ಎಂದು ಸೂರಃ ಅಲ್ ಗಾಶಿಯಃ ಪ್ರಶ್ನಿಸುತ್ತದೆ. ಬೆಟ್ಟವನ್ನು ನೋಡದವನಿಗೆ ಈ ಪ್ರಶ್ನೆಯ ಭಾರ ಹೇಗೆ ತಿಳಿದೀತು?

ಬಸ್ತಿಹಳ್ಳಿಯವರಿಗಂತೂ ಸಂಚಾರದ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ದೇಶವಿದೇಶಗಳ ಜನರು ಅವರ ಮನೆಬಾಗಿಲಿಗೇ ಬರುತ್ತಾರೆ. ಅಲ್ಲಿನ ಮೂರು ಜೈನ ಬಸದಿಗಳಲ್ಲಿ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪನು ಕಟ್ಟಿಸಿದನು. ಅದರ ಕಂಬಗಳು ಎಷ್ಟು ನುಣುಪಾಗಿವೆಯೆಂದರೆ ಎದುರು ನಿಂತವರ ಬಿಂಬ ಅದರಲ್ಲಿ ಮೂಡುತ್ತದೆ. ಹಳೇಬೀಡು, ಬೇಲೂರು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಈ ಊರೇ ಒಂದು ಪಾಠ. ಹಳೇಬೀಡು ಎಂದರೆ ಹಳೆಯ ಬೀಡು. ಒಂದು ಕಾಲಕ್ಕೆ ಇದು ದ್ವಾರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ಅಲಾವುದ್ದೀನ್ ಖಲ್ಜಿಯ ಸೇನಾನಿ ಮಲಿಕ್ ಕಾಫೂರ್ ಇಲ್ಲಿಗೆ ದಂಡೆತ್ತಿ ಬಂದನು. ಸಂಪತ್ತನ್ನು ಹೊತ್ತೊಯ್ದನು. ಐದು ವರ್ಷಗಳಲ್ಲಿ, 1316ರಲ್ಲಿ, ಅವನೇ ದಿಲ್ಲಿಯಲ್ಲಿ ಕೊಲೆಯಾದನು. 1320ರಲ್ಲಿ ಖಲ್ಜಿ ವಂಶದ ಆಳ್ವಿಕೆಯೂ ಮುಗಿಯಿತು. ಸೋತವರೂ ಉಳಿಯಲಿಲ್ಲ, ಗೆದ್ದವರೂ ಉಳಿಯಲಿಲ್ಲ. ಹಿಂದಿನವರ ಅಂತ್ಯ ಏನಾಯಿತೆಂದು ನೋಡಿರಿ ಎಂಬ ಕುರ್‌ಆನಿನ ಕರೆಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಬೇಕೇ?

ಆದ್ದರಿಂದ ಪ್ರಶ್ನೆ ಹೋಗಬೇಕೇ ಬೇಡವೇ ಎಂಬುದಲ್ಲ. ಹೇಗೆ ಹೋಗಬೇಕು ಎಂಬುದು. ಹೊರಡುವ ಮುನ್ನ ಮಾಡುವ ಸಿದ್ಧತೆಗೂ ಅಲ್ಲಾಹನ ಮೇಲಿನ ಭರವಸೆಗೂ ಇರುವ ಸಂಬಂಧವೇನು ಎಂಬುದು.

ತಕ್ದೀರ್ ಎಂಬ ನೆಪ

"ಎಲ್ಲವೂ ಬರೆಯಲ್ಪಟ್ಟಿದ್ದರೆ ಹೆಲ್ಮೆಟ್ ಏಕೆ? ಬ್ರೇಕ್ ಪರೀಕ್ಷೆ ಏಕೆ?" ಎಂದು ಯುವಕನೊಬ್ಬ ಕೇಳಿದರೆ ಅದನ್ನು ಉದ್ಧಟತನವೆಂದು ತಳ್ಳಿಹಾಕಬಾರದು. ಅದು ನಿಜವಾದ ಪ್ರಶ್ನೆ. ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿಯೇ ಇಂತಹ ಪ್ರಶ್ನೆ ಬಂದಿತ್ತು. ಒಂಟೆಯನ್ನು ಕಟ್ಟಿ ಭರವಸೆ ಇಡಲೇ ಅಥವಾ ಬಿಟ್ಟು ಭರವಸೆ ಇಡಲೇ ಎಂದು ಒಬ್ಬರು ವಿಚಾರಿಸಿದಾಗ, ಮೊದಲು ಕಟ್ಟು, ಆಮೇಲೆ ಭರವಸೆ ಇಡು ಎಂಬರ್ಥದ ಉತ್ತರವನ್ನು ಪ್ರವಾದಿವರ್ಯರು(ಸ) ನೀಡಿದರೆಂದು ತಿರ್ಮಿದಿಯ ವರದಿಯಲ್ಲಿದೆ.

ಈ ಉತ್ತರದ ತಿರುಳನ್ನು ಗಮನಿಸಬೇಕು. ಕಟ್ಟುವುದು ಒಂದು ಕೆಲಸ, ತವಕ್ಕುಲ್ ಇನ್ನೊಂದು ಕೆಲಸ ಎಂದಲ್ಲ. ಕಟ್ಟದೆ ಇದ್ದವನಿಗೆ ತವಕ್ಕುಲ್‌ನ ಹಕ್ಕೇ ಇಲ್ಲ ಎಂದು ಅರ್ಥ. ತಕ್ದೀರ್‌ನಲ್ಲಿ ಏನಿದೆ ಎಂಬುದನ್ನು ಅಲ್ಲಾಹನು ನಮಗೆ ತಿಳಿಸಿಲ್ಲ. ನಾವು ಮಾಡಬೇಕಾದುದು ಏನೆಂಬುದನ್ನು ಮಾತ್ರ ತಿಳಿಸಿದ್ದಾನೆ. ತಿಳಿಸದೆ ಇರುವುದನ್ನು ಆಧಾರ ಮಾಡಿಕೊಂಡು ತಿಳಿಸಿದ್ದನ್ನು ಬಿಟ್ಟುಬಿಡುವುದು ಈಮಾನ್ ಆಗುವುದು ಹೇಗೆ?

ಪ್ರವಾದಿ ಯಾಕೂಬರ(ಅ) ವೃತ್ತಾಂತವನ್ನು ನೋಡಿ. ಮಕ್ಕಳು ದೂರದ ಈಜಿಪ್ಟಿಗೆ ಹೊರಟು ನಿಂತಿದ್ದಾರೆ. ಈ ಹಿಂದೆ ಯೂಸುಫರನ್ನು(ಅ) ಕಳೆದುಕೊಂಡ ತಂದೆ ಅವರು. ಎಲ್ಲರೂ ಒಂದೇ ಬಾಗಿಲಿನಿಂದ ಪ್ರವೇಶಿಸಬೇಡಿ, ಬೇರೆ ಬೇರೆ ಬಾಗಿಲುಗಳಿಂದ ಹೋಗಿರಿ ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತಾರೆ. ಅದೇ ಉಸಿರಿನಲ್ಲಿ, ಅಲ್ಲಾಹನ ತೀರ್ಮಾನದೆದುರು ನಾನು ನಿಮ್ಮನ್ನು ರಕ್ಷಿಸಲಾರೆ, ನಾನು ಭರವಸೆ ಇಟ್ಟಿರುವುದು ಅವನ ಮೇಲೆಯೇ ಎಂದೂ ಹೇಳುತ್ತಾರೆ (12:67). ಒಬ್ಬ ತಂದೆ ಬಾಗಿಲಲ್ಲಿ ನಿಂತು ಮಕ್ಕಳನ್ನು ಕಳುಹಿಸಿಕೊಡುವ ರೀತಿ ಇದು. ಉಪಾಯವನ್ನೂ ಹೇಳಿದರು, ಉಪಾಯದ ಮಿತಿಯನ್ನೂ ಹೇಳಿದರು. ಒಂದು ಇನ್ನೊಂದನ್ನು ರದ್ದುಮಾಡಲಿಲ್ಲ.

ತಪ್ಪನ್ನು ವಿಧಿಯ ಮೇಲೆ ಹೊರಿಸುವುದು ಯಾರ ಸ್ವಭಾವ ಎಂಬುದನ್ನೂ ಕುರ್‌ಆನ್ ತೋರಿಸಿಕೊಟ್ಟಿದೆ. ಆದೇಶ ಮೀರಿದ ಇಬ್ಲೀಸನು, ನನ್ನನ್ನು ದಾರಿಗೆಡಿಸಿದವನು ನೀನೇ ಎಂದು ಅಲ್ಲಾಹನ ಮೇಲೆ ಹೊಣೆ ಹೊರಿಸಿದನು (7:16). ತಪ್ಪೆಸಗಿದ ಆದಮ್(ಅ) ಮತ್ತು ಹವ್ವಾ, ನಾವು ನಮ್ಮ ಮೇಲೆಯೇ ಅನ್ಯಾಯ ಮಾಡಿಕೊಂಡೆವು ಎಂದು ತಲೆ ತಗ್ಗಿಸಿದರು (7:23). ತಿರುವಿನಲ್ಲಿ ವೇಗವಾಗಿ ಹೋಗಿ ಬಿದ್ದವನು ಆಸ್ಪತ್ರೆಯ ಹಾಸಿಗೆಯಲ್ಲಿ ಯಾರ ಮಾತನ್ನು ಆಡುತ್ತಿದ್ದಾನೆ ಎಂಬುದನ್ನು ತಾನೇ ಯೋಚಿಸಲಿ.

ಸೌರ್ ಗುಹೆಯ ಯೋಜನೆ

ತವಕ್ಕುಲ್‌ನ ಪರಮೋಚ್ಚ ಸ್ಥಿತಿಯನ್ನು ಮನುಕುಲ ಕಂಡದ್ದು ಒಂದು ಬೆಟ್ಟದ ಗುಹೆಯಲ್ಲಿ. ಬೆನ್ನಟ್ಟಿ ಬಂದವರ ಪಾದಗಳು ಗುಹೆಯ ಬಾಯಲ್ಲಿ ಕಾಣುತ್ತಿದ್ದಾಗ, ದುಃಖಿಸಬೇಡ, ಅಲ್ಲಾಹನು ನಮ್ಮ ಜೊತೆಗಿದ್ದಾನೆ ಎಂದು ಪ್ರವಾದಿವರ್ಯರು(ಸ) ಸಂಗಾತಿಯನ್ನು ಸಂತೈಸಿದರು. ಈ ಮಾತನ್ನು ನಾವು ಭಾಷಣಗಳಲ್ಲಿ ಕೇಳುತ್ತೇವೆ, ಕಣ್ಣು ತೇವವಾಗುತ್ತದೆ. ಆದರೆ ಆ ಗುಹೆಯನ್ನು ತಲುಪುವುದಕ್ಕೆ ಮುಂಚೆ ಏನೆಲ್ಲ ನಡೆದಿತ್ತು ಎಂಬುದನ್ನು ಎಷ್ಟು ಮಂದಿ ಗಮನಿಸುತ್ತೇವೆ?

ಕ್ರಿ.ಶ. 622ರ ಆ ಹಿಜ್ರಾ ಯಾತ್ರೆ ಒಂದು ಪರಿಪೂರ್ಣ ಯೋಜನೆಯಾಗಿತ್ತು. ಹಝ್ರತ್ ಅಬೂಬಕರ್(ರ) ಎರಡು ಒಂಟೆಗಳನ್ನು ಮೊದಲೇ ಕಟ್ಟಿ ಮೇವು ಹಾಕಿ ಸಾಕಿದ್ದರು. ಮದೀನಾ ಇರುವುದು ಮಕ್ಕಾದ ಉತ್ತರಕ್ಕೆ. ಆದರೆ ಅವರು ಮೊದಲು ಹೊರಟದ್ದು ದಕ್ಷಿಣಕ್ಕೆ, ಸೌರ್ ಬೆಟ್ಟದತ್ತ. ಅಲ್ಲಿ ಮೂರು ರಾತ್ರಿ ತಂಗಿದರು. ಅಬ್ದುಲ್ಲಾ ಬಿನ್ ಅಬೀಬಕರ್(ರ) ಹಗಲೆಲ್ಲ ಮಕ್ಕಾದಲ್ಲಿದ್ದು ರಾತ್ರಿ ಸುದ್ದಿ ತರುತ್ತಿದ್ದರು. ಆಮಿರ್ ಬಿನ್ ಫುಹೈರಾ(ರ) ಕುರಿಗಳನ್ನು ಅಲ್ಲಿಗೆ ಅಟ್ಟಿಕೊಂಡು ಬಂದು ಹಾಲು ಒದಗಿಸುತ್ತಿದ್ದರು, ಹೆಜ್ಜೆ ಗುರುತುಗಳೂ ಅಳಿಸಿಹೋಗುತ್ತಿದ್ದವು. ಹಝ್ರತ್ ಅಸ್ಮಾ(ರ) ತನ್ನ ಸೊಂಟದ ಪಟ್ಟಿಯನ್ನು ಸೀಳಿ ಬುತ್ತಿ ಕಟ್ಟಿಕೊಟ್ಟರು. ದಾರಿ ತೋರಿಸಲು ಅಬ್ದುಲ್ಲಾ ಬಿನ್ ಉರೈಕಿತ್ ಎಂಬವನನ್ನು ಕೂಲಿಗೆ ಗೊತ್ತುಮಾಡಲಾಗಿತ್ತು. ಅವನು ಮುಸ್ಲಿಮನಾಗಿರಲಿಲ್ಲ. ಆದರೆ ದಾರಿ ಬಲ್ಲವನು ಮತ್ತು ನಂಬಿಕಸ್ಥನಾಗಿದ್ದನು.

ಎಲ್ಲಕ್ಕಿಂತ ಮಿಗಿಲಾದ ಸಂಗತಿ ಇನ್ನೊಂದಿದೆ. ಮಕ್ಕಾದ ಜನರು ಪ್ರವಾದಿವರ್ಯರ(ಸ) ಬಳಿ ಇಟ್ಟಿದ್ದ ಅಮಾನತ್ತುಗಳನ್ನು ಅವರವರಿಗೆ ಮುಟ್ಟಿಸಲು ಹಝ್ರತ್ ಅಲಿಯವರನ್ನು(ರ) ಹಿಂದೆ ಬಿಟ್ಟು ಬರಲಾಗಿತ್ತು. ಕೊಲ್ಲಲು ಹೊಂಚು ಹಾಕಿದ ಜನರ ಸೊತ್ತನ್ನೂ ಹಿಂದಿರುಗಿಸದೆ ಯಾತ್ರೆ ಪೂರ್ತಿಯಾಗಲಿಲ್ಲ.

ಅಲ್ಲಾಹನ ಸಂದೇಶವಾಹಕರಿಗೇ ಇಷ್ಟೊಂದು ಸಿದ್ಧತೆ ಬೇಕಾಗಿತ್ತೇ? ಬೇಕಾಗಿತ್ತು. ಏಕೆಂದರೆ ಅವರು ನಮಗೆ ಮಾದರಿಯಾಗಬೇಕಿತ್ತು. ಮನುಷ್ಯನ ಕೈಲಾದುದೆಲ್ಲವನ್ನೂ ಮಾಡಿ ಮುಗಿಸಿದ ಬಳಿಕ, ಇನ್ನೇನೂ ಮಾಡಲು ಉಳಿಯದ ಆ ಗುಹೆಯೊಳಗೆ, ಅಲ್ಲಾಹನು ಜೊತೆಗಿದ್ದಾನೆ ಎಂಬ ಮಾತು ಬಂತು. ನಾವು ಆ ಮಾತನ್ನು ಮನೆಯ ಅಂಗಳದಲ್ಲಿ, ಬೈಕಿನ ಸವೆದ ಟಯರನ್ನೂ ನೋಡದೆ ಹೇಳಿಬಿಡುತ್ತೇವೆ.

ನನ್ನ ತವಕ್ಕುಲ್, ಇನ್ನೊಬ್ಬರ ಪ್ರಾಣ

ಈಗ ವಿಷಯದ ಮರ್ಮಕ್ಕೆ ಬರೋಣ. "ಸಾವು ಬರೆದಿದ್ದರೆ ಬರುತ್ತದೆ" ಎಂದ ಮಗ ಯಾರ ಸಾವಿನ ಬಗ್ಗೆ ಮಾತನಾಡಿದನು? ತನ್ನ ಸಾವಿನ ಬಗ್ಗೆ. ಆದರೆ ಆ ರಸ್ತೆಯಲ್ಲಿ ಅವನೊಬ್ಬನೇ ಇರುವುದಿಲ್ಲ. ಹಿಂಬದಿಯ ಸೀಟಿನಲ್ಲಿ ಗೆಳೆಯನಿದ್ದಾನೆ. ತಿರುವಿನಾಚೆ ಸೌದೆಯ ಹೊರೆ ಹೊತ್ತ ಮುದುಕಿ ಬರುತ್ತಿರಬಹುದು. ಕಾಫಿ ತೋಟದ ಕೆಲಸ ಮುಗಿಸಿ ಮನೆಗೆ ಮರಳುವ ಹೆಂಗಸರಿರಬಹುದು. ಶಾಲೆಯಿಂದ ಬರುವ ಮಕ್ಕಳಿರಬಹುದು. ಅವರ ಪ್ರಾಣವನ್ನು ಪಣವಾಗಿಡುವ ಅಧಿಕಾರವನ್ನು ಇವನ ತವಕ್ಕುಲ್‌ಗೆ ಕೊಟ್ಟವರು ಯಾರು?

ಶರೀಅತ್‌ನ ಒಂದು ನಿಯಮ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ನೀಡುತ್ತದೆ. ಉದ್ದೇಶವಿಲ್ಲದೆ, ತಪ್ಪಿ ಒಬ್ಬನ ಪ್ರಾಣ ತೆಗೆದವನ ಬಗ್ಗೆ ಸೂರಃ ಅನ್ನಿಸಾದಲ್ಲಿ (4:92) ಹೇಳಲಾಗಿದೆ. ಅವನು ಮೃತನ ಕುಟುಂಬಕ್ಕೆ ರಕ್ತ ಪರಿಹಾರವನ್ನು ಕೊಡಬೇಕು. ಅದರ ಜೊತೆಗೆ ಒಬ್ಬ ಗುಲಾಮನನ್ನು ಬಿಡುಗಡೆ ಮಾಡಬೇಕು, ಅದು ಸಾಧ್ಯವಿಲ್ಲದವನು ಎರಡು ತಿಂಗಳು ಎಡೆಬಿಡದೆ ಉಪವಾಸ ಹಿಡಿಯಬೇಕು. ಮೃತನು ಒಪ್ಪಂದವಿರುವ ಬೇರೆ ಜನಾಂಗಕ್ಕೆ ಸೇರಿದವನಾಗಿದ್ದರೂ ನಿಯಮ ಇದೇ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆ ಮರಣವೂ ಅಲ್ಲಾಹನ ತಕ್ದೀರ್‌ನಂತೆಯೇ ನಡೆಯಿತು. ಕೊಂದವನಿಗೆ ಕೊಲ್ಲುವ ಉದ್ದೇಶವೂ ಇರಲಿಲ್ಲ. ಆದರೂ ಅವನ ಮೇಲೆ ಹೊಣೆ ಇದೆ, ಪ್ರಾಯಶ್ಚಿತ್ತವಿದೆ. ತಕ್ದೀರ್ ಎಂಬುದೇ ಸಾಕಷ್ಟು ಉತ್ತರವಾಗಿದ್ದರೆ, ತಕ್ದೀರನ್ನು ಬರೆದ ಅಲ್ಲಾಹನೇ ಪರಿಹಾರವನ್ನೂ ಉಪವಾಸವನ್ನೂ ಏಕೆ ವಿಧಿಸುತ್ತಿದ್ದನು? ತಕ್ದೀರ್ ನಮ್ಮ ನಂಬಿಕೆಗಾಗಿ ಇದೆ, ನಮ್ಮ ಹೊಣೆಯನ್ನು ಇಳಿಸುವುದಕ್ಕಾಗಿ ಅಲ್ಲ. ಕಳೆದುಹೋದುದರ ಮೇಲೆ ಕೊರಗಿ ನಾಶವಾಗದಿರಲು ಅದು ನಮಗೆ ಆಸರೆ. ಮುಂದೆ ಮಾಡಲಿರುವ ಅಜಾಗರೂಕತೆಗೆ ಅದು ಪರವಾನಗಿಯಲ್ಲ.

ಒಬ್ಬ ವ್ಯಕ್ತಿ ತನ್ನ ಪ್ರಾಣದ ವಿಷಯದಲ್ಲೂ ಸರ್ವಸ್ವತಂತ್ರನಲ್ಲ. ತನ್ನ ಕೈಯಾರೆ ವಿನಾಶಕ್ಕೆ ಬೀಳಬಾರದೆಂಬ ಆದೇಶವಿದೆ (2:195). ಶರೀರವು ಅಲ್ಲಾಹನ ಅಮಾನತ್. ಭಾರತದ 1988ರ ಮೋಟಾರು ವಾಹನ ಕಾಯಿದೆಯ 129ನೇ ಸೆಕ್ಷನ್ ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿದೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರನಿಗೂ ಅದನ್ನು ಜಾರಿಗೊಳಿಸಲಾಯಿತು. ಪೊಲೀಸರು ಕಂಡಾಗ ಮಾತ್ರ ತಲೆಗೇರುವ, ಉಳಿದಂತೆ ಕನ್ನಡಿಗೆ ನೇತಾಡುವ ಹೆಲ್ಮೆಟ್ ಏನನ್ನು ಸೂಚಿಸುತ್ತದೆ? ನೂರೈವತ್ತು ಇನ್ನೂರು ರೂಪಾಯಿಗೆ ಸಿಗುವ ಅರ್ಧ ಹೆಲ್ಮೆಟ್ ಏನನ್ನು ಸೂಚಿಸುತ್ತದೆ? ನಾವು ಅಂಜುವುದು ದಂಡಕ್ಕೆ, ಅಮಾನತ್ತಿನ ಲೆಕ್ಕ ಕೇಳುವವನಿಗಲ್ಲ.

ಹದಿನೆಂಟು ತುಂಬದ ಹುಡುಗನ ಕೈಗೆ ಬೈಕು ಕೊಡುವ ತಂದೆಯರೂ ಕೇಳಿಸಿಕೊಳ್ಳಬೇಕು. 2019ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಕನು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕನಿಗೆ 3 ವರ್ಷಗಳವರೆಗೆ ಸೆರೆ ಮತ್ತು 25,000 ರೂಪಾಯಿ ದಂಡವಿದೆ. ಪ್ರತಿಯೊಬ್ಬನೂ ಕಾವಲುಗಾರ, ತನ್ನ ಸುಪರ್ದಿಯಲ್ಲಿರುವವರ ಬಗ್ಗೆ ಅವನನ್ನು ವಿಚಾರಿಸಲಾಗುವುದು ಎಂಬ ಪ್ರವಾದಿ ವಚನವನ್ನು ನಾವು ಮೊದಲೇ ಕೇಳಿದ್ದೆವಲ್ಲವೇ?

ಯೋಜನೆಯೇ ಒಂದು ಇಬಾದತ್

ಘಾಟಿಯ ತಿರುವಿನಲ್ಲಿ ಯೋಚಿಸಲು ಸಮಯವಿರುವುದಿಲ್ಲ. ಒಳ್ಳೆಯ ತೀರ್ಮಾನಗಳನ್ನು ಮನೆಯಲ್ಲೇ ಮಾಡಿಕೊಳ್ಳಬೇಕು. ಆದ್ದರಿಂದ ಯೋಜನೆ ಎಂಬುದು ನಕ್ಷೆ ನೋಡಿ ಊಟ ವಸತಿಯ ಜಾಗ ಹುಡುಕುವುದಷ್ಟೇ ಅಲ್ಲ. ದಾರಿಯಲ್ಲಿ ಸಿಗುವ ಪ್ರತಿಯೊಬ್ಬರ ಹಕ್ಕನ್ನು ಮುಂಚಿತವಾಗಿ ನೆನೆಯುವುದೇ ಯೋಜನೆ.

ಮೊದಲನೆಯದು ಮನೆಯವರ ಹಕ್ಕು. ಸಾಲವಿದ್ದರೆ ತೀರಿಸಬೇಕು, ಇಲ್ಲವೇ ಯಾರಿಗೆಷ್ಟು ಕೊಡಬೇಕೆಂದು ಬರೆದಿಡಬೇಕು. ಎಲ್ಲಿಗೆ, ಯಾರೊಂದಿಗೆ, ಯಾವ ದಾರಿಯಲ್ಲಿ ಎಂಬುದನ್ನು ಮನೆಯಲ್ಲಿ ತಿಳಿಸಬೇಕು. ಹಾಸನದಲ್ಲಿ ಗೆಳೆಯನ ಮನೆಯ ಮದುವೆಯಿದೆ ಎಂದು ಸುಳ್ಳು ಹೇಳಿ ಚಾರ್ಮಾಡಿಗೆ ಹೋದವನ ಪ್ರಯಾಣ ಮೊದಲ ಹೆಜ್ಜೆಯಲ್ಲೇ ಕೆಟ್ಟಿತು. ಪ್ರಯಾಣಿಕನ ದುಆ, ಮಕ್ಕಳಿಗಾಗಿ ತಂದೆತಾಯಿಯರು ಮಾಡುವ ದುಆ, ಮರ್ದಿತನ ದುಆ ಸ್ವೀಕಾರಾರ್ಹವೆಂದು ಹದೀಸ್‌ನಲ್ಲಿದೆ. ಮಗ ಎಲ್ಲಿದ್ದಾನೆಂದೇ ತಿಳಿಯದ ತಾಯಿ ಯಾವ ದಾರಿಗಾಗಿ ದುಆ ಮಾಡಬೇಕು?

ಎರಡನೆಯದು ಜೊತೆಗಾರರ ಹಕ್ಕು. ಮೂವರು ಪ್ರಯಾಣ ಹೊರಟರೆ ಒಬ್ಬನನ್ನು ನಾಯಕನನ್ನಾಗಿ ಮಾಡಿಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಒಂಟಿತನದಲ್ಲಿರುವ ಅಪಾಯ ತಿಳಿದಿದ್ದರೆ ಯಾವ ಸವಾರನೂ ರಾತ್ರಿ ಒಬ್ಬನೇ ಹೊರಡುತ್ತಿರಲಿಲ್ಲ ಎಂದೂ ಎಚ್ಚರಿಸಿದ್ದಾರೆ. ಅವರು(ಸ) ಪ್ರಯಾಣದಲ್ಲಿ ತಂಡದ ಹಿಂದೆ ಉಳಿದು ದುರ್ಬಲರನ್ನು ಕರೆತರುತ್ತಿದ್ದರು. ನಮ್ಮ ಹುಡುಗರ ತಂಡಗಳಲ್ಲಿ ಅತಿ ವೇಗದವನು ಮುಂದೆ ಹೋಗಿ ಗತಿಯನ್ನು ನಿರ್ಧರಿಸುತ್ತಾನೆ, ಅನನುಭವಿ ಅವನನ್ನು ಹಿಡಿಯಲು ಹೋಗಿ ಬೀಳುತ್ತಾನೆ. ಸುನ್ನತ್ ಇದಕ್ಕೆ ತದ್ವಿರುದ್ಧವಾಗಿದೆ. ನಿಧಾನವಾಗಿ ಓಡಿಸುವವನ ಗತಿಯೇ ಎಲ್ಲರ ಗತಿಯಾಗಬೇಕು, ನಾಯಕನು ಹಿಂದಿರಬೇಕು.

ಮೂರನೆಯದು ವಾಹನದ ಹಕ್ಕು. ಹಸಿವಿನಿಂದ ಬಡಕಲಾದ ಒಂಟೆಯನ್ನು ಕಂಡು ಮಾತು ಬಾರದ ಮೃಗಗಳ ವಿಷಯದಲ್ಲಿ ಅಲ್ಲಾಹನನ್ನು ಭಯಪಡಿರೆಂದು ಪ್ರವಾದಿವರ್ಯರು(ಸ) ಹೇಳಿದ್ದರು. ಬೈಕಿಗೆ ಜೀವವಿಲ್ಲ, ಆದರೆ ಅದು ಹೊತ್ತವರಿಗೆ ಜೀವವಿದೆ. ಬ್ರೇಕ್, ಟಯರ್, ಚೈನ್, ಹೆಡ್‌ಲೈಟ್‌ಗಳನ್ನು ಹೊರಡುವ ಹಿಂದಿನ ರಾತ್ರಿಯಲ್ಲ, ಒಂದು ವಾರ ಮುಂಚೆಯೇ ಮೆಕ್ಯಾನಿಕ್‌ಗೆ ತೋರಿಸಬೇಕು. ಚಾರ್ಮಾಡಿಯಂತಹ ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಗಾಡಿ ಬಿಡುವವರಿದ್ದಾರೆ. ಆಗ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ, ಬ್ರೇಕ್ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಕಡಿಮೆ ಗೇರಿನಲ್ಲಿ ಇಳಿದರೆ ಎಂಜಿನ್ನೇ ವೇಗವನ್ನು ತಡೆಹಿಡಿಯುತ್ತದೆ. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕೆಂಬುದು ಕಾನೂನು. ಇದು ಒಳ್ಳೆಯ ಅದಬ್ ಕೂಡ ಹೌದು, ಏಕೆಂದರೆ ಕಷ್ಟದಲ್ಲಿರುವವನು ಹತ್ತುವವನು.

ನಾಲ್ಕನೆಯದು ಅಲ್ಲಾಹನ ಹಕ್ಕು. ಬಸ್ತಿಹಳ್ಳಿಯಿಂದ ಮಂಗಳೂರಿಗೆ ಹೊರಟವನು ಊರ ಗಡಿ ದಾಟಿದೊಡನೆ ಮುಸಾಫಿರ್. ನಾಲ್ಕು ರಕಅತ್‌ಗಳ ಫರ್ಝ್ ಅವನಿಗೆ ಎರಡಾಗುತ್ತದೆ. ಹಾಸನದ ಕಡೆಯವರು ಹೆಚ್ಚಾಗಿ ಹನಫೀಗಳು, ಕರಾವಳಿಯವರು ಹೆಚ್ಚಾಗಿ ಶಾಫಿಈಗಳು. ಪ್ರಯಾಣದಲ್ಲಿ ಎರಡು ನಮಾಝ್‌ಗಳನ್ನು ಒಂದೇ ವೇಳೆಯಲ್ಲಿ ಸೇರಿಸಿ ನಿರ್ವಹಿಸುವ ಅನುಮತಿ ಶಾಫಿಈ ಮದ್‌ಹಬ್‌ನಲ್ಲಿದೆ, ಹನಫೀಯಲ್ಲಿ ಹಜ್ಜ್‌ನ ಸಂದರ್ಭಕ್ಕೆ ಮಾತ್ರ. ಇದನ್ನು ಮೊದಲೇ ತಿಳಿದುಕೊಂಡರೆ ಮಂಗಳೂರಿನ ಮಸೀದಿಯಲ್ಲಿ ವಾದಕ್ಕಿಳಿಯುವ ಪ್ರಮೇಯ ಬಾರದು. ಅಸರ್ ನಮಾಝ್ ಎಲ್ಲಿ ಎಂಬುದನ್ನು ಊಟ ಎಲ್ಲಿ ಎಂಬುದಕ್ಕಿಂತ ಮೊದಲು ಗುರುತಿಸಿಟ್ಟುಕೊಂಡರೆ ಇಡೀ ದಿನದ ಕ್ರಮವೇ ನೇರ್ಪಾಗುತ್ತದೆ. ಫಜ್ರ್ ಮುಗಿಸಿ ಹೊರಟು, ಮಗ್‌ರಿಬ್‌ಗೆ ಮುಂಚೆ ಘಾಟಿ ದಾಟಿರಬೇಕು ಎಂಬ ನಿಯಮವನ್ನಿಟ್ಟುಕೊಂಡರೆ ನಮಾಝೂ ಉಳಿಯಿತು, ಕತ್ತಲೆಯ ಅಪಾಯವೂ ತಪ್ಪಿತು.

ನಾವೂ ಇನ್ನೊಬ್ಬರ ಊರಿಗೆ ಅತಿಥಿಗಳು

ಬಸ್ತಿಹಳ್ಳಿಯ ಯುವಕನಿಗೆ ಬೇರೆಯವರಿಗಿಲ್ಲದ ಒಂದು ಅನುಭವವಿದೆ. ಅವನದು ಪ್ರವಾಸಿಗಳು ಬರುವ ಊರು. ಹೊರಗಿನವರು ಕರ್ಕಶ ಸೈಲೆನ್ಸರ್ ಹಾಕಿಕೊಂಡು ಊರಿನ ಬೀದಿಯಲ್ಲಿ ಹಾದುಹೋದರೆ, ಪ್ಲಾಸ್ಟಿಕ್ ತಟ್ಟೆ ಬಾಟಲಿಗಳನ್ನು ಕೆರೆಯ ದಂಡೆಯಲ್ಲಿ ಎಸೆದುಹೋದರೆ, ಮನೆಯ ಮುಂದೆ ವಾಹನ ನಿಲ್ಲಿಸಿ ಮಾಯವಾದರೆ ಹೇಗಿರುತ್ತದೆಂದು ಅವನಿಗೆ ಗೊತ್ತು. ಕೊಟ್ಟಿಗೆಹಾರದಲ್ಲಿ, ಆಗುಂಬೆಯಲ್ಲಿ ಅವನೇ ಆ ಹೊರಗಿನವನು! ತನಗಾಗಿ ಬಯಸುವುದನ್ನು ಸಹೋದರನಿಗಾಗಿಯೂ ಬಯಸುವ ತನಕ ಈಮಾನ್ ಪೂರ್ಣವಾಗದು ಎಂಬ ಬೋಧನೆಗೆ ಇಲ್ಲಿ ನೇರ ಅನ್ವಯವಿದೆ.

ಲುಕ್ಮಾನರು ಮಗನಿಗೆ ಮಾಡಿದ ಉಪದೇಶದಲ್ಲಿ ಭೂಮಿಯ ಮೇಲೆ ಸೊಕ್ಕಿನಿಂದ ನಡೆಯಬೇಡ, ನಡಿಗೆಯಲ್ಲಿ ಮಿತವಿರಲಿ, ಧ್ವನಿಯನ್ನು ತಗ್ಗಿಸು ಎಂಬ ಮಾತುಗಳಿವೆ. ಅತ್ಯಂತ ಅಸಹ್ಯ ಧ್ವನಿ ಕತ್ತೆಯದು ಎಂದೂ ಅಲ್ಲಿದೆ (31:18-19). ಕಂಪೆನಿ ಕೊಟ್ಟ ಸೈಲೆನ್ಸರನ್ನು ಕಿತ್ತು, ಮೈಲು ದೂರಕ್ಕೆ ಕೇಳುವಂಥದ್ದನ್ನು ಹಾಕಿಸಿಕೊಂಡವನು ಈ ವಚನವನ್ನು ಓದಿ ನೋಡಲಿ. ಇನ್ನೊಂದೆಡೆ, ನೀನು ಭೂಮಿಯನ್ನು ಸೀಳಲಾರೆ, ಬೆಟ್ಟಗಳ ಎತ್ತರಕ್ಕೂ ತಲುಪಲಾರೆ ಎಂದು ಸೊಕ್ಕಿನವನಿಗೆ ನೆನಪಿಸಲಾಗಿದೆ (17:37). ಬೆಟ್ಟದ ರಸ್ತೆಯಲ್ಲಿ ನಿಂತವನಿಗೆ ಇದಕ್ಕಿಂತ ಹೊಂದುವ ಮಾತು ಇನ್ನಾವುದಿದೆ?

ದಾರಿಯ ಮೇಲಿನ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ. ಹಾಗಿರುವಾಗ ತೊಂದರೆಯನ್ನು ದಾರಿಯಲ್ಲಿ ಬಿಟ್ಟು ಬರುವುದು ಯಾವುದರ ಶಾಖೆ? ರಾತ್ರಿ ತಂಗುವಾಗ ದಾರಿಯ ಮೇಲೆ ಬಿಡಾರ ಹೂಡಬೇಡಿ, ಅದು ಪ್ರಾಣಿಗಳು ಓಡಾಡುವ ಹಾದಿ ಎಂದೂ ಪ್ರವಾದಿವರ್ಯರು(ಸ) ಹೇಳಿದ್ದಾರೆ. ತಿರುವಿನಲ್ಲೇ ಬೈಕು ನಿಲ್ಲಿಸಿ ಫೋಟೋ ತೆಗೆಯುವುದು, ಮಂಗಗಳಿಗೆ ಉಳಿದ ಬಿರಿಯಾನಿ ಎಸೆಯುವುದು, ಮಳೆಗಾಲದಲ್ಲಿ ಪಾಚಿಗಟ್ಟಿದ ಬಂಡೆ ಏರಿ ಜಲಪಾತದ ಅಡಿಯಲ್ಲಿ ನಿಲ್ಲುವುದು, ಇವೆಲ್ಲವನ್ನೂ ಈ ಬೋಧನೆಯ ಬೆಳಕಿನಲ್ಲಿ ಅಳೆಯಬೇಕು.

ದಾರಿಯಲ್ಲಿ ಯಾರಾದರೂ ಬಿದ್ದಿರುವುದು ಕಂಡರೆ ನಿಲ್ಲಬೇಕು. ಪೊಲೀಸ್ ಠಾಣೆ, ಕೋರ್ಟು ಅಲೆಯಬೇಕಾದೀತೆಂಬ ಹೆದರಿಕೆ ಈಗ ಬೇಡ. ನೆರವಿಗೆ ಬಂದವನನ್ನು ರಕ್ಷಿಸುವ 134ಎ ಸೆಕ್ಷನ್ ಅನ್ನು 2019ರಲ್ಲಿ ಕಾಯಿದೆಗೆ ಸೇರಿಸಲಾಗಿದೆ. ಒಂದು ಪ್ರಾಣ ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದಂತೆ ಎಂದು ನಂಬುವವನಿಗೆ ಕಾನೂನಿನ ಭರವಸೆ ಬರುವ ತನಕ ಕಾಯುವ ಅಗತ್ಯವೂ ಇರಲಿಲ್ಲ.

ಹಿಂದಿರುಗುವ ಧೈರ್ಯ

ಎಷ್ಟೇ ಯೋಜಿಸಿದರೂ ಬೆಟ್ಟ ನಮ್ಮ ಯೋಜನೆಯನ್ನು ಕೇಳುವುದಿಲ್ಲ. 2018ರ ಆಗಸ್ಟ್‌ನ ಮಳೆಗೆ ಶಿರಾಡಿ ಘಾಟಿ ಕುಸಿಯಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಹಲವೆಡೆ ಗುಡ್ಡ ಜರಿದು ತಿಂಗಳುಗಟ್ಟಲೆ ಸಂಚಾರ ಅಸ್ತವ್ಯಸ್ತವಾಯಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹದಿನಾಲ್ಕು ಕಡಿದಾದ ತಿರುವುಗಳ ಆ ರಸ್ತೆಯಲ್ಲಿ ಮಂಜು ಮುಸುಕಿದರೆ ಮುಂದಿನ ಚಕ್ರವೂ ಸರಿಯಾಗಿ ಕಾಣದು.

ಆಗ ಏನು ಮಾಡಬೇಕು? "ಇಷ್ಟು ದೂರ ಬಂದಾಗಿದೆ, ಹಿಂದಿರುಗಿದರೆ ಗೆಳೆಯರು ನಗುತ್ತಾರೆ" ಎಂಬ ಯೋಚನೆ ಬರುತ್ತದೆ. ಇಂತಹ ಗಳಿಗೆಗೆ ಹಝ್ರತ್ ಉಮರ್‌ರ(ರ) ಒಂದು ನಿರ್ಧಾರ ದಾರಿದೀಪವಾಗಿದೆ. ಅವರು ಖಲೀಫರಾಗಿದ್ದಾಗ ಶಾಮ್‌ಗೆ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದ್ದರು. ಮುಂದಿನ ನಾಡಿನಲ್ಲಿ ಪ್ಲೇಗ್ ಹಬ್ಬಿದೆಯೆಂದು ತಿಳಿಯಿತು. ಮುಹಾಜಿರ್‌ಗಳೊಂದಿಗೆ, ಅನ್ಸಾರ್‌ಗಳೊಂದಿಗೆ, ಕುರೈಷರ ಹಿರಿಯರೊಂದಿಗೆ ಸಮಾಲೋಚಿಸಿ ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ತಕ್ದೀರ್‌ನಿಂದ ಓಡಿಹೋಗುವುದೇ ಎಂದು ಹಝ್ರತ್ ಅಬೂ ಉಬೈದಾ(ರ) ಕೇಳಿದರು. ಹೌದು, ಅಲ್ಲಾಹನ ಒಂದು ತಕ್ದೀರ್‌ನಿಂದ ಅವನದೇ ಇನ್ನೊಂದು ತಕ್ದೀರ್‌ನ ಕಡೆಗೆ ಎಂಬುದು ಉಮರ್‌ರ(ರ) ಉತ್ತರವಾಗಿತ್ತು. ಒಂದು ಕಣಿವೆಗೆ ಎರಡು ಪಾರ್ಶ್ವಗಳಿದ್ದು, ಒಂದು ಹಸಿರಾಗಿ ಇನ್ನೊಂದು ಬರಡಾಗಿದ್ದರೆ, ಒಂಟೆಗಳನ್ನು ಎಲ್ಲಿ ಮೇಯಿಸಿದರೂ ಅದು ತಕ್ದೀರ್‌ನಂತೆಯೇ ಅಲ್ಲವೇ ಎಂದು ಅವರು ವಿವರಿಸಿದರು. ಆ ಬಳಿಕ ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ಪ್ಲೇಗ್ ಇರುವ ನಾಡನ್ನು ಪ್ರವೇಶಿಸಬಾರದೆಂಬ ಪ್ರವಾದಿ ವಚನವನ್ನು ತಿಳಿಸಿದಾಗ ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಮರಳಿದರು.

ಮುಂದೆ ಹೋಗುವುದು ಮಾತ್ರ ತಕ್ದೀರ್, ಹಿಂದಿರುಗುವುದು ಹೇಡಿತನ ಎಂದು ಯಾರು ಹೇಳಿದರು? ಬ್ರೇಕ್ ಹಿಡಿಯುವುದೂ ತಕ್ದೀರ್, ಕೊಟ್ಟಿಗೆಹಾರದಲ್ಲಿ ಮಳೆ ನಿಲ್ಲುವ ತನಕ ಕಾಯುವುದೂ ತಕ್ದೀರ್, ಬೈಕು ತಿರುಗಿಸಿ ಮೂಡಿಗೆರೆಗೆ ವಾಪಸಾಗುವುದೂ ತಕ್ದೀರ್. ನಾಳೆ ಇದನ್ನು ಮಾಡಿಯೇ ತೀರುತ್ತೇನೆ ಎನ್ನದೆ ಇನ್ಶಾ ಅಲ್ಲಾಹ್ ಸೇರಿಸಿ ಹೇಳಬೇಕೆಂಬ ಸೂರಃ ಅಲ್ ಕಹ್ಫ್‌ನ ಬೋಧನೆಯ ಒಂದು ಅರ್ಥ ಇದೇ. ಯೋಜನೆಯನ್ನು ಬದಲಾಯಿಸಲು ಸಿದ್ಧನಿಲ್ಲದವನ ಇನ್ಶಾ ಅಲ್ಲಾಹ್ ಬರಿಯ ನಾಲಿಗೆಯದು.

ತಂದೆತಾಯಿಯರಲ್ಲಿ ಒಂದು ಮಾತು

ಮಗನ ತಪ್ಪನ್ನು ಹೇಳಿದ ಮೇಲೆ ತಾಯಿಯ ಮಾತನ್ನೂ ಪರಿಶೀಲಿಸಬೇಕು. "ಬೇಡ" ಎಂಬ ಒಂದೇ ಶಬ್ದ ಮಕ್ಕಳನ್ನು ತಡೆಯುವುದಿಲ್ಲ, ಸುಳ್ಳು ಹೇಳಲು ಕಲಿಸುತ್ತದೆ. ಯಾಕೂಬರು(ಅ) ಮಕ್ಕಳನ್ನು ಕಟ್ಟಿಹಾಕಲಿಲ್ಲ. ಹೇಗೆ ಹೋಗಬೇಕೆಂದು ಹೇಳಿ, ಅಲ್ಲಾಹನಿಗೆ ಒಪ್ಪಿಸಿ ಕಳುಹಿಸಿದರು. ಮಕ್ಕಳ ಜೊತೆ ಕುಳಿತು ದಾರಿಯನ್ನು ಕೇಳಿ ತಿಳಿಯಿರಿ. ಮಳೆಗಾಲ ಕಳೆದ ಮೇಲೆ ಹೋಗಲು ಸೂಚಿಸಿ. ಒಳ್ಳೆಯ ಹೆಲ್ಮೆಟ್ ನೀವೇ ಕೊಡಿಸಿ. ದಿನಕ್ಕೆ ಎರಡು ಬಾರಿ ಫೋನ್ ಮಾಡುವ ಷರತ್ತು ಹಾಕಿ. ಇಷ್ಟು ಮಾಡಿಯೂ ಎದೆಯಲ್ಲಿ ಭಯ ಉಳಿದರೆ ಅದನ್ನು ದುಆ ಆಗಿ ಪರಿವರ್ತಿಸಿ. ಪ್ರಯಾಣಿಕನನ್ನು ಬೀಳ್ಕೊಡುವಾಗ ಅವನ ದೀನನ್ನು, ಅವನ ಅಮಾನತ್ತನ್ನು, ಅವನ ಕರ್ಮಗಳ ಅಂತ್ಯವನ್ನು ಅಲ್ಲಾಹನ ಸುಪರ್ದಿಗೆ ಒಪ್ಪಿಸುವ ದುಆವನ್ನು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅದು ತಾಯಿಯ ತವಕ್ಕುಲ್.

ಮಕ್ಕಳಿಗೂ ಒಂದು ಮಾತಿದೆ. ಬೆಟ್ಟಗಳನ್ನು ನೋಡಿರೆಂಬ ಕರೆ ಗಂಡುಮಕ್ಕಳಿಗೆ ಮಾತ್ರ ಬಂದದ್ದಲ್ಲ. ನಿಮ್ಮ ತಾಯಿ, ನಿಮ್ಮ ತಂಗಿಯರು ಆಗುಂಬೆಯನ್ನು ನೋಡಿದ್ದಾರೆಯೇ? ನೀವು ನೋಡಿ ಬಂದ ದಾರಿಯಲ್ಲಿ ಒಮ್ಮೆ ಅವರನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋಗಿ. ಆಗ ನಿಮ್ಮ ಮೊದಲ ಪ್ರಯಾಣವೂ ಸಾರ್ಥಕವಾಗುವುದು.

ಎತ್ತರಕ್ಕೆ ಏರುವಾಗ ಅಲ್ಲಾಹು ಅಕ್ಬರ್ ಎನ್ನುತ್ತಿದ್ದೆವು, ಇಳಿಯುವಾಗ ಸುಬ್‌ಹಾನಲ್ಲಾಹ್ ಎನ್ನುತ್ತಿದ್ದೆವು ಎಂದು ಹಝ್ರತ್ ಜಾಬಿರ್(ರ) ತಮ್ಮ ಪ್ರಯಾಣಗಳನ್ನು ನೆನೆದಿದ್ದಾರೆ. ಏರುವಾಗ ಮನುಷ್ಯನಿಗೆ ತಾನು ದೊಡ್ಡವನೆಂಬ ಭಾವ ಬರುತ್ತದೆ. ಆಗ ಅಲ್ಲಾಹನು ದೊಡ್ಡವನು ಎನ್ನಬೇಕು. ಇಳಿಯುವಾಗ ಕೆಳಗಿಳಿಯುವವರು ನಾವು, ಅಲ್ಲಾಹನು ಎಲ್ಲ ಕುಂದುಗಳಿಂದ ಮುಕ್ತನು ಎನ್ನಬೇಕು. ವಾಹನವೇರುವಾಗ ಓದುವ ದುಆದಲ್ಲಿ ಇದನ್ನು ನಮಗೆ ಅಧೀನಗೊಳಿಸಿದವನ ಸ್ತುತಿಯಿದೆ, ಅದನ್ನು ಅಧೀನಗೊಳಿಸುವ ಶಕ್ತಿ ನಮ್ಮದಾಗಿರಲಿಲ್ಲವೆಂಬ ಒಪ್ಪಿಗೆಯಿದೆ. ಅದು ಮುಗಿಯುವುದು ನಾವು ನಮ್ಮ ಪ್ರಭುವಿನ ಕಡೆಗೆ ಮರಳುವವರು ಎಂಬ ಮಾತಿನೊಂದಿಗೆ. ಹೊರಡುವಾಗಲೇ ಮರಳುವುದನ್ನು ನೆನೆಯುವವನು ನಿಜವಾದ ಪ್ರಯಾಣಿಕ. ಬಸ್ತಿಹಳ್ಳಿಯ ಮನೆಗೆ ಮರಳುವುದಕ್ಕೂ, ಆ ಕೊನೆಯ ಮರಳುವಿಕೆಗೂ ಅವನು ಸಿದ್ಧನಾಗಿ ಹೊರಡುತ್ತಾನೆ.

ಅಲ್ಲಾಹನು ನಮ್ಮ ಯುವಕರಿಗೆ ವಿವೇಕವನ್ನೂ, ತಂದೆತಾಯಿಯರಿಗೆ ನೆಮ್ಮದಿಯನ್ನೂ, ದಾರಿಯಲ್ಲಿರುವ ಎಲ್ಲರಿಗೂ ಸುರಕ್ಷೆಯನ್ನೂ ಕರುಣಿಸಲಿ. ಆಮೀನ್.